ಸಂಗೀತವಿದ್ಯಾಲಯಗಳ ಪ್ರವೇಶದಲ್ಲಿ ಧ್ವನಿಪರೀಕ್ಷೆ ಮತ್ತು ಅಂಕಪಟ್ಟಿ: ಒಂದು ವಿಮರ್ಶೆ

1

ಸಂಗೀತವಿದ್ಯೆಯು ಗುರುಗೃಹವನ್ನು ಬಿಟ್ಟು ವಿದ್ಯಾಲಯದ ಕೊಠಡಿಯನ್ನು ಪ್ರವೇಶಿಸಿದ ಕಾಲದಿಂದಲೂ ಒಂದು ಪ್ರಶ್ನೆಯು ಅದನ್ನು ಬೆಂಬಿಡದೆ ಬಂದಿದೆ. ಪ್ರವೇಶವನ್ನು ಕೋರಿ ಬಂದ ವಿದ್ಯಾರ್ಥಿಯ ಕಂಠವನ್ನು ಕೇಳಿ ತೀರ್ಮಾನಿಸಬೇಕೆ, ಅಥವಾ ಆತನು ಕೈಯಲ್ಲಿ ಹಿಡಿದು ತಂದ ಅಂಕಪಟ್ಟಿಯನ್ನು ನೋಡಿ ತೀರ್ಮಾನಿಸಬೇಕೆ? ಎರಡನ್ನೂ ಪರಿಗಣಿಸುವುದಾದರೆ ಯಾವುದಕ್ಕೆ ಎಷ್ಟು ತೂಕ ಸಲ್ಲಬೇಕು? ಆಕಾಶವಾಣಿಯ ರೂಢಿಯನ್ನು ಅನುಸರಿಸಿ ಮೊದಲನೆಯದನ್ನು ಧ್ವನಿಪರೀಕ್ಷೆಯೆಂದು ಕರೆಯಬಹುದು. ವಾದ್ಯಗಾರರ ಕೈಯನ್ನು ಪರೀಕ್ಷಿಸುವುದೂ ಈ ಹೆಸರಿನಲ್ಲಿಯೇ ಅಡಕವಾಗಿದೆ. ಎರಡನೆಯದು ಶಾಲಾಭ್ಯಾಸದ ಫಲ. ಅದನ್ನು ಸಂಖ್ಯೆಯಲ್ಲಿ ಅಳೆದು, ಮುದ್ರೆಯೊತ್ತಿ ಕೊಟ್ಟಿರುತ್ತಾರೆ.

ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಈ ಪ್ರಶ್ನೆಯು ಅಷ್ಟಾಗಿ ತಟ್ಟದು. ಅಲ್ಲಿ ಗುರುಗಳುಂಟು, ಸಭೆಗಳುಂಟು, ಒಳ್ಳೆಯ ಶಾಲೆಗಳೂ ಉಂಟು. ಒಂದು ತಟ್ಟೆಯಲ್ಲಿ ಕಡಮೆಯಾದುದನ್ನು ಇನ್ನೊಂದರಲ್ಲಿ ತುಂಬಿಕೊಳ್ಳುವ ಅವಕಾಶವಿದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಂತಹ ಪ್ರದೇಶದಲ್ಲಿ ನಿಂತು ನೋಡಿದಾಗಲೇ ತಕ್ಕಡಿಯ ಓರೆ ಕಾಣುವುದು. ಆದುದರಿಂದ ಪ್ರವೇಶಕ್ರಮವನ್ನು ಪರೀಕ್ಷಿಸುವ ಈ ವಿಮರ್ಶೆಯಲ್ಲಿ ಆ ನಾಲ್ಕು ತಾಲ್ಲೂಕುಗಳನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಲಾಗಿದೆ.

2

ವಿದ್ಯೆಗೂ ಕಂಠಕ್ಕೂ ಇರುವ ತಾರತಮ್ಯವನ್ನು ಕುರಿತ ಚರ್ಚೆಯು ಭಾರತೀಯ ಸಂಗೀತಶಾಸ್ತ್ರಕ್ಕೆ ಹೊಸದಲ್ಲ. ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿ, 13ನೆಯ ಶತಮಾನದ ಮೊದಲ ಭಾಗದಲ್ಲಿ ಬಾಳಿದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ಇದನ್ನು ಸ್ಪಷ್ಟವಾಗಿ ವಿವೇಚಿಸಿದ್ದಾನೆ. ಈ ಗ್ರಂಥಕ್ಕೆ 15ನೆಯ ಶತಮಾನದಲ್ಲಿ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ವಿಜಯನಗರದ ಆಶ್ರಯವನ್ನು ಪಡೆದವನಾದುದರಿಂದ, ಈ ವಿಚಾರಪರಂಪರೆಯು ಕನ್ನಡ ನಾಡಿಗೆ ಹೊರಗಿನದೆಂದು ಹೇಳಲು ಬರುವಂತಿಲ್ಲ.

ವಾಗ್ಗೇಯಕಾರನ ಲಕ್ಷಣವನ್ನು ಹೇಳುವಾಗ ಶಾರ್ಙ್ಗದೇವನು ಧಾತು ಮತ್ತು ಮಾತು ಎಂಬ ಎರಡು ಅಂಗಗಳನ್ನು ಬೇರ್ಪಡಿಸುತ್ತಾನೆ. ಧಾತುವೆಂದರೆ ಗೇಯಾಂಶ, ಮಾತೆಂದರೇನೆಂದು ಕನ್ನಡಿಗರಿಗೆ ವಿವರಿಸಬೇಕಾದುದಿಲ್ಲ. ಉತ್ತಮ ವಾಗ್ಗೇಯಕಾರನಲ್ಲಿ ವ್ಯಾಕರಣ, ನಿಘಂಟು, ಛಂದಸ್ಸು, ಅಲಂಕಾರ ಮೊದಲಾದವುಗಳ ಜ್ಞಾನವೂ, ಹೃದ್ಯವಾದ ಶಾರೀರ, ಲಯತಾಳಗಳ ಪರಿಜ್ಞಾನ ಮೊದಲಾದುವೂ ಒಂದಾಗಿ ಸೇರಿರಬೇಕು. ಎರಡರಲ್ಲಿ ಒಂದು ಕುಂದಿದಾಗ ಏನು ಗತಿ? ಧಾತುವಿನಲ್ಲಿ ಬಲಶಾಲಿಯಾಗಿ ಮಾತಿನಲ್ಲಿ ಮಂದನಾದವನನ್ನು ಶಾಸ್ತ್ರಕಾರನು ಮಧ್ಯಮನೆಂದು ಗಣಿಸುತ್ತಾನೆ. ಮಾತಿನಲ್ಲಿ ರಮ್ಯನಾಗಿ ಧಾತುವಿನಲ್ಲಿ ಮಂದನಾದವನನ್ನು ಅಧಮನೆಂದು ಗಣಿಸುತ್ತಾನೆ. ಹೀಗೆ ಎರಡಂಗಗಳೂ ಬೇಕೆಂದು ಒಪ್ಪಿದರೂ ಅವು ಸಮತೂಕದವೆಂದು ಶಾಸ್ತ್ರವು ಒಪ್ಪುವುದಿಲ್ಲ. ಗೇಯದ ಕೊರತೆಯನ್ನು ಪಾಂಡಿತ್ಯವು ತುಂಬಲಾರದು. ಪಾಂಡಿತ್ಯದ ಕೊರತೆಯು ಗೇಯವನ್ನು ಒಂದು ಮೆಟ್ಟಿಲು ಕೆಳಗಿಳಿಸುವುದಲ್ಲದೆ ಹೊರಗೆ ಅಟ್ಟುವುದಿಲ್ಲ.

ಇಷ್ಟಕ್ಕೇ ನಿಲ್ಲದೆ ಶಾರ್ಙ್ಗದೇವನು ಕಂಠದಲ್ಲಿಯೇ ಇನ್ನೊಂದು ಸೂಕ್ಷ್ಮವನ್ನು ತೋರಿಸಿದ್ದಾನೆ. ಅಭ್ಯಾಸವಿಲ್ಲದಿದ್ದರೂ ರಾಗವನ್ನು ಅಭಿವ್ಯಕ್ತಗೊಳಿಸುವ ಧ್ವನಿಯ ಸಹಜಶಕ್ತಿಗೆ ಆತನು ‘ಶಾರೀರ’ವೆಂಬ ಹೆಸರನ್ನು ಕೊಡುತ್ತಾನೆ, ಅದು ಶರೀರದೊಡನೆಯೇ ಹುಟ್ಟಿ ಬಂದುದಾದುದರಿಂದ ಆ ಹೆಸರು. ಗಾಯಕನ ಉಳಿದ ಗುಣಗಳು, ಎಂದರೆ ರಾಗಗಳ ಪರಿಜ್ಞಾನ, ಪ್ರಬಂಧಗಾನದಲ್ಲಿ ನಿಷ್ಣಾತತೆ, ಸತ್ಸಂಪ್ರದಾಯ ಮೊದಲಾದುವು ಶಿಕ್ಷಣದಿಂದ ಬರತಕ್ಕವು. ಗಾಯಕರನ್ನು ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕರೆಂದು ಐದು ಬಗೆಯಾಗಿ ವಿಂಗಡಿಸಿರುವುದನ್ನೂ ಇಲ್ಲಿ ನೆನೆಯಬೇಕು. ಪರರ ಭಂಗಿಯನ್ನು ಅನುಸರಿಸಿ ಹಾಡತಕ್ಕವನು ಅನುಕಾರನು. ಇಂದಿನ ಧ್ವನಿಪರೀಕ್ಷೆಗಳಲ್ಲಿ ಕಂಠಪಾಠ ಮಾಡಿಕೊಂಡು ಬಂದ ಒಂದು ಕೃತಿಯನ್ನೋ ಒಂದು ಛೋಟಾ ಖ್ಯಾಲನ್ನೋ ಒಪ್ಪಿಸಿ ತೇರ್ಗಡೆಯಾಗುವವರಲ್ಲಿ ಬಹುಮಂದಿ ಈ ವರ್ಗಕ್ಕೆ ಸೇರಿದವರೆಂಬುದನ್ನು ಪರೀಕ್ಷಕರೇ ಬಲ್ಲರು.

ಈ ಪ್ರಾಚೀನ ವಿಭಾಗದಿಂದ ಪ್ರಸ್ತುತ ಚರ್ಚೆಗೆ ಒಂದು ಮುಖ್ಯವಾದ ಸಹಾಯ ದೊರೆಯುತ್ತದೆ. ಧ್ವನಿಪರೀಕ್ಷೆ, ಅಂಕಪಟ್ಟಿ ಎಂಬ ಎರಡು ಹೆಸರುಗಳ ಹಿಂದೆ ವಾಸ್ತವವಾಗಿ ಮೂರು ವಸ್ತುಗಳಿವೆ: ಹುಟ್ಟಿನಿಂದ ಬಂದ ಶಾರೀರ ಮತ್ತು ಶ್ರವಣಶಕ್ತಿ, ಗುರುಮುಖದಿಂದ ಬಂದ ಸಂಗೀತಶಿಕ್ಷಣ, ಶಾಲೆಯಿಂದ ಬಂದ ಸಾಮಾನ್ಯ ವಿದ್ಯೆ. ಧ್ವನಿಪರೀಕ್ಷೆಯು ಮೊದಲ ಎರಡನ್ನು ಬೆರೆಸಿಬಿಡುತ್ತದೆ. ಅಂಕಪಟ್ಟಿಯು ಮೂರನೆಯದನ್ನು ಮಾತ್ರ ಅಳೆಯುತ್ತದೆ. ಸಂಗೀತದ ಲಕ್ಷಣಶಾಸ್ತ್ರವನ್ನು ಬಲ್ಲ ವಿದ್ಯಾರ್ಥಿಯನ್ನು ಅಂಕಪಟ್ಟಿಯಿಂದ ಗುರುತಿಸಬಹುದೆಂಬ ನಂಬಿಕೆಗೆ ಆಧಾರವಿಲ್ಲ. ವಾಣಿಜ್ಯಶಾಸ್ತ್ರದಲ್ಲಿಯೋ ಇತಿಹಾಸದಲ್ಲಿಯೋ ಬಂದ ಅಂಕಗಳು ಲಕ್ಷ್ಯವೂ ಅಲ್ಲ, ಲಕ್ಷಣವೂ ಅಲ್ಲ.

3

ವಿದ್ಯಾಲಯಗಳ ಇತಿಹಾಸವನ್ನು ಸಂಕ್ಷೇಪವಾಗಿ ನೋಡಿದರೆ ಈ ಬೆರಕೆಯು ಹೇಗೆ ಉಂಟಾಯಿತೆಂಬುದು ತಿಳಿದುಬರುತ್ತದೆ. 1886ರಲ್ಲಿ ಬರೋಡೆಯಲ್ಲಿ ಮೌಲಾಬಕ್ಷರ ನೇತೃತ್ವದಲ್ಲಿ ಸಂಗೀತಶಾಲೆಯು ಆರಂಭವಾಯಿತು. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. 1926ರಲ್ಲಿ ವಿಷ್ಣು ನಾರಾಯಣ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಮ್ಯಾರಿಸ್ ಕಾಲೇಜು ತಲೆಯೆತ್ತಿತು. ಇವೆಲ್ಲವುಗಳ ಉದ್ದೇಶವು ಮನೆತನದ ಗುಟ್ಟಾಗಿ ಉಳಿದಿದ್ದ ವಿದ್ಯೆಯನ್ನು ಸಾಮಾನ್ಯ ಜನರಿಗೆ ತಲುಪಿಸುವುದಾಗಿತ್ತು. ತಾನಸೇನರು ಹೊರಡದಿದ್ದರೂ ಕಾನಸೇನರಾದರೂ ಹೊರಡಲಿ ಎಂಬ ಮಾತು ಇಂತಹ ಸಂಸ್ಥೆಗಳ ವಿಷಯದಲ್ಲಿ ಪ್ರಚಲಿತವಾದುದು ಈ ಕಾರಣದಿಂದಲೇ. ಎಂದರೆ ಕೇಳಬಲ್ಲವರನ್ನೂ ಕಲಿಸಬಲ್ಲವರನ್ನೂ ತಯಾರಿಸುವುದು ಒಂದು ಧ್ಯೇಯ. ಹಾಡಬಲ್ಲವರನ್ನು ತಯಾರಿಸುವುದು ಇನ್ನೊಂದು. ಮೊದಲನೆಯದಕ್ಕೆ ಸಾಮಾನ್ಯ ವಿದ್ಯೆಯೂ ಬೇಕು; ಎರಡನೆಯದಕ್ಕೆ ಶಾರೀರವು ಮುಖ್ಯ. ಒಂದೇ ಬಾಗಿಲಿನಿಂದ ಎರಡು ಬಗೆಯ ವಿದ್ಯಾರ್ಥಿಗಳನ್ನು ಕರೆದು ಒಂದೇ ಕೋಲಿನಿಂದ ಅಳೆಯಹೊರಟುದರಲ್ಲಿ ತೊಡಕಿನ ಮೂಲವಿದೆ.

ಕನ್ನಡ ನಾಡಿನಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಹುಟ್ಟಿದುವು. ಕಾಲಕ್ರಮದಲ್ಲಿ ಎರಡೂ ಸಂಗೀತಕ್ಕೆ ಸ್ಥಳವನ್ನು ಕೊಟ್ಟುವು. 2009ರ ಅಧಿನಿಯಮದ ಮೇರೆಗೆ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗಾಗಿಯೇ ಒಂದು ವಿಶ್ವವಿದ್ಯಾಲಯವು ಮೈಸೂರಿನಲ್ಲಿ ಸ್ಥಾಪಿತವಾಗಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ಹೊತ್ತಿತು. ಇದಲ್ಲದೆ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ಬಹುಕಾಲ ನಡೆಸಿಕೊಂಡು ಬಂದ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳ ಪರೀಕ್ಷೆಗಳೂ, ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳೂ ಊರೂರುಗಳಲ್ಲಿ ಸಂಗೀತಕ್ಕೆ ಒಂದು ಕ್ರಮವನ್ನು ತಂದಿವೆ. ಪದವಿಪೂರ್ವ ತರಗತಿಗಳ ಐಚ್ಛಿಕ ವಿಷಯಗಳಲ್ಲಿ ಹಿಂದುಸ್ತಾನೀ ಸಂಗೀತವೂ ಕರ್ನಾಟಕ ಸಂಗೀತವೂ ಸೇರಿವೆಯಾದರೂ ಅವುಗಳನ್ನು ಕಲಿಸುವ ಕಾಲೇಜುಗಳು ವಿರಳ. ಹೀಗಾಗಿ ಸಂಗೀತದ ಪದವಿಗೆ ಬರುವ ವಿದ್ಯಾರ್ಥಿಯು ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂಬ ನಿಯಮವು ಸಂಗೀತದ ಹೊರಗಿನ ಒಂದು ಅರ್ಹತೆಯನ್ನು ಸಂಗೀತದ ಬಾಗಿಲಿಗೆ ಕಾವಲಿರಿಸಿದಂತಾಗಿದೆ.

4

ಅಂಕಪಟ್ಟಿಯ ಕಾವಲು ಯಾರನ್ನು ಹೊರಗಿರಿಸಬಹುದಾಗಿತ್ತೆಂಬುದಕ್ಕೆ ಆ ವಿಶ್ವವಿದ್ಯಾಲಯದ ಹೆಸರೇ ಉತ್ತರವನ್ನು ಹೇಳುತ್ತದೆ. ಗಂಗೂಬಾಯಿಯವರು (1913–2009) ಪ್ರಾಥಮಿಕ ಶಾಲೆಯ ಹಂತದಲ್ಲಿಯೇ ಓದನ್ನು ನಿಲ್ಲಿಸಿದವರು. ಅವರ ವಿದ್ಯಾಲಯವು ಕುಂದಗೋಳದ ಸವಾಯಿ ಗಂಧರ್ವರ ಮನೆ. ಮುಂದೆ ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾದರು. 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯನ್ನು ಪಡೆದರು. ಪಾಠ ಹೇಳಲು ಅರ್ಹರಾಗಿದ್ದವರು ಪಾಠ ಕೇಳಲು ಅರ್ಹರಾಗಿರಲಿಲ್ಲವೆಂಬ ವಿರೋಧವು ಯಾವ ನಿಯಮದಿಂದ ಉಂಟಾಗುತ್ತದೆಯೋ ಆ ನಿಯಮವು ಮರುಪರಿಶೀಲನೆಗೆ ಯೋಗ್ಯವಾದುದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದವರಾಗಿ, ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ನಾದವನ್ನೂ ಕೊಟ್ಟವರು. ಬಸವರಾಜ ರಾಜಗುರುಗಳಂತಹ ಗಾಯಕರು ಆ ಪರಂಪರೆಯಿಂದ ಬಂದರು. ಅಂಕಪಟ್ಟಿಯಿಲ್ಲದ ಒಂದು ವಿದ್ಯಾಪೀಠವು ಎಂತಹ ಫಲವನ್ನು ಕೊಡಬಲ್ಲದೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ.

ಆದರೆ ಇದರಿಂದ ಧ್ವನಿಪರೀಕ್ಷೆಯೇ ನಿರ್ದೋಷವೆಂದು ನಿರ್ಣಯಿಸುವುದು ಆತುರವಾದೀತು. ಅದೇ ಗಂಗೂಬಾಯಿಯವರ ಕಂಠವು ಗಂಟಲಿನ ಚಿಕಿತ್ಸೆಯ ಬಳಿಕ ಗಡಸಾಗಿ, ಗಂಭೀರವಾಗಿ, ಪುರುಷಕಂಠಕ್ಕೆ ಸಮೀಪವಾಯಿತು. ಸ್ತ್ರೀಕಂಠವೆಂದರೆ ತೆಳುವಾಗಿ ಮಧುರವಾಗಿರಬೇಕೆಂಬ ಪೂರ್ವಸಂಸ್ಕಾರವುಳ್ಳ ಪರೀಕ್ಷಕನೊಬ್ಬನ ಮುಂದೆ ಹತ್ತು ನಿಮಿಷ ಹಾಡಿದ್ದರೆ ಆ ಕಂಠವು ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಯೂರೋಪಿನ ಇತಿಹಾಸದಲ್ಲಿ ಇದಕ್ಕೆ ಸರಿಜೋಡಿಯಾದ ಘಟನೆಯೇ ಉಂಟು. 1832ರಲ್ಲಿ ಜುಸೆಪ್ಪೆ ವೆರ್ದಿಯು ಮಿಲಾನಿನ ಸಂಗೀತವಿದ್ಯಾಲಯಕ್ಕೆ ಪ್ರವೇಶವನ್ನು ಕೋರಿದಾಗ ವಯಸ್ಸು ಮೀರಿದೆಯೆಂದೂ, ಹೊರ ಪ್ರಾಂತದವನೆಂದೂ, ಪಿಯಾನೋ ಮೇಲೆ ಕೈಯಿರಿಸುವ ರೀತಿ ಸರಿಯಿಲ್ಲವೆಂದೂ ತಿರಸ್ಕೃತನಾದನು. ಇಂದು ಆ ವಿದ್ಯಾಲಯಕ್ಕೆ ಅವನದೇ ಹೆಸರಿದೆ. ಹಳ್ಳಿಯಲ್ಲಿ ಕಲಿತ ಕೈಯ ಭಂಗಿಯನ್ನು ಕಂಡ ಪರೀಕ್ಷಕರು ಅದರ ಹಿಂದಿದ್ದ ಸಂಗೀತವನ್ನು ಕಾಣಲಿಲ್ಲ. ಅಂಕಪಟ್ಟಿಯು ಕುರುಡಾದರೆ ಧ್ವನಿಪರೀಕ್ಷೆಯು ಕೆಲವೊಮ್ಮೆ ಕಿವುಡು.

5

ಈಗ ನಾಲ್ಕು ತಾಲ್ಲೂಕುಗಳ ವಿಷಯಕ್ಕೆ ಬರಬಹುದು. 1997ರಲ್ಲಿ ದಾವಣಗೆರೆ ಜಿಲ್ಲೆಯು ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. 2017ರಲ್ಲಿ ಪ್ರಕಟವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟಿತು. ಸೂಳೆಕೆರೆಯ ನೀರನ್ನು ಕಂಡ ಚನ್ನಗಿರಿ, ತುಂಗಭದ್ರೆಯ ದಂಡೆಯ ಹೊನ್ನಾಳಿ, ಮಲೆನಾಡಿನ ಸೆರಗಿಗೆ ತಾಗಿದ ನ್ಯಾಮತಿ, ಮಳೆಗಾಗಿ ಮೋಡವನ್ನು ನೋಡುವ ಜಗಳೂರು, ಇವು ಭೂಮಿಯ ಗುಣದಲ್ಲಿ ಭಿನ್ನವಾಗಿದ್ದರೂ ಸಂಗೀತದ ದೃಷ್ಟಿಯಿಂದ ಒಂದು ಸಾಮ್ಯವನ್ನು ಪಡೆದಿವೆ. ತುಂಗಭದ್ರೆಯ ಆಚೆ ಹಿಂದುಸ್ತಾನಿ, ಈಚೆ ಕರ್ನಾಟಕ ಎಂದು ಸ್ಥೂಲವಾಗಿ ಹೇಳುವ ವಾಡಿಕೆಯುಂಟು. ಈ ತಾಲ್ಲೂಕುಗಳು ಆ ಗಡಿಯ ಮೇಲೆಯೇ ಇವೆ. ಧಾರವಾಡದ ಗಾನವೂ ಮೈಸೂರಿನ ಗಾನವೂ ಇಲ್ಲಿಗೆ ಕೇಳಿಸುವುವು. ಆದರೆ ಎರಡೂ ಇಲ್ಲಿಯವಲ್ಲ.

ಹಾಗೆಂದು ಇವು ಸಂಗೀತವಿಲ್ಲದ ಊರುಗಳಲ್ಲ. ಭಜನೆಯ ಮೇಳಗಳು, ತತ್ತ್ವಪದಗಳು, ಸೋಬಾನೆ, ಕೋಲಾಟದ ಹಾಡುಗಳು ಇಲ್ಲಿ ಇನ್ನೂ ಬದುಕಿವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರಿಗೆ ಯಾತ್ರಾಸ್ಥಾನ. ಅಲ್ಲಿ ನೆರೆಯುವ ತಾಂಡಾಗಳ ಹಾಡುಗಾರಿಕೆಯಲ್ಲಿ ಶಾರೀರಕ್ಕೇನೂ ಬಡತನವಿಲ್ಲ. ದಾವಣಗೆರೆಯು ವೃತ್ತಿನಾಟಕ ಕಂಪನಿಗಳ ನೆಲೆಯಾದುದರಿಂದ ರಂಗಗೀತೆಗಳು ಸುತ್ತಣ ಹಳ್ಳಿಗಳ ಬಾಯಲ್ಲಿ ನೆಲೆಸಿವೆ. ಊರಿನ ಯುವಕರು ಆಡುವ ನಾಟಕಕ್ಕೆ ಹಾರ್ಮೋನಿಯಮ್ ಮಾಸ್ತರರು ಕಲಿಸಿದ ಹಾಡೇ ಅನೇಕ ಮಕ್ಕಳಿಗೆ ಮೊದಲ ಪಾಠ. ಇಲ್ಲಿ ಕೊರತೆಯಾಗಿರುವುದು ಕ್ರಮವಾದ ಶಾಸ್ತ್ರೀಯ ಶಿಕ್ಷಣ. ವಾರಕ್ಕೊಮ್ಮೆ ಪಾಠಕ್ಕೆ ಹೋಗಬೇಕಾದರೂ ಜಗಳೂರಿನ ವಿದ್ಯಾರ್ಥಿಯು ದಾವಣಗೆರೆಯ ಬಸ್ಸನ್ನು ಹತ್ತಬೇಕು.

ಇಂತಹ ವಿದ್ಯಾರ್ಥಿಯು ಪ್ರವೇಶಕ್ಕಾಗಿ ನಿಂತಾಗ ಎರಡು ಅಳತೆಗಳೂ ಒಂದೇ ದಿಕ್ಕಿನಲ್ಲಿ ತಪ್ಪುತ್ತವೆ. ಅಂಕಪಟ್ಟಿಯು ಶಾಲೆಯ ಬಡತನವನ್ನು ವಿದ್ಯಾರ್ಥಿಯ ಬಡತನವೆಂದು ಬರೆದುಕೊಳ್ಳುತ್ತದೆ. ಧ್ವನಿಪರೀಕ್ಷೆಯು ಗುರುವಿನ ಅಭಾವವನ್ನು ಶಾರೀರದ ಅಭಾವವೆಂದು ಕೇಳಿಸಿಕೊಳ್ಳುತ್ತದೆ. ನಗರದ ವಿದ್ಯಾರ್ಥಿಯು ಎಂಟು ವರ್ಷ ಕಲಿತ ವರ್ಣವನ್ನು ನಿರ್ದೋಷವಾಗಿ ಹಾಡಿದಾಗ ಪರೀಕ್ಷಕರು ಕೇಳುವುದು ಎಂಟು ವರ್ಷಗಳ ಶುಲ್ಕವನ್ನೂ ಕೂಡ. ಸೇವಾಲಾಲರ ಹಾಡನ್ನು ಶ್ರುತಿಶುದ್ಧವಾಗಿ ಹಾಡಬಲ್ಲ ತಾಂಡಾದ ಹುಡುಗಿಯು ‘ಏನು ಪಾಠವಾಗಿದೆ?’ ಎಂಬ ಮೊದಲ ಪ್ರಶ್ನೆಗೇ ತಲೆತಗ್ಗಿಸಬೇಕಾಗುವುದು. ಶಾರ್ಙ್ಗದೇವನ ಪರಿಭಾಷೆಯಲ್ಲಿ ಹೇಳುವುದಾದರೆ, ಅಭ್ಯಾಸವಿಲ್ಲದೆಯೂ ತೋರುವ ಶಕ್ತಿಯನ್ನು ಅಭ್ಯಾಸದಿಂದಲೇ ಅಳೆಯುವ ಪರೀಕ್ಷೆಯು ಶಾರೀರವನ್ನು ಪರೀಕ್ಷಿಸಿದಂತಾಗಲಿಲ್ಲ.

6

ಅಂಕಪಟ್ಟಿಯ ಪಕ್ಷದವರು ಹೇಳುವ ಮಾತನ್ನು ಅದರ ಪೂರ್ಣಬಲದೊಡನೆ ಇಲ್ಲಿ ನಿರೂಪಿಸುವುದು ನ್ಯಾಯ. ಅಂಕವು ಎಲ್ಲರಿಗೂ ಕಾಣುವ ವಸ್ತು. ಅದನ್ನು ಪ್ರಶ್ನಿಸಬಹುದು, ಮರುಎಣಿಕೆ ಮಾಡಿಸಬಹುದು. ಕಿವಿಯ ತೀರ್ಪನ್ನು ಪ್ರಶ್ನಿಸುವುದು ಹೇಗೆ? ಪರೀಕ್ಷಕನ ಶಿಷ್ಯನು, ಪರೀಕ್ಷಕನ ಪರಂಪರೆಯವನು, ಪರೀಕ್ಷಕನ ನೆಂಟನು ಒಳಗೆ ಬರಲು ಧ್ವನಿಪರೀಕ್ಷೆಯಂತಹ ಸುಗಮವಾದ ದಾರಿ ಇನ್ನೊಂದಿಲ್ಲ. ಯಾರ ಪರಿಚಯವೂ ಇಲ್ಲದ ಹಳ್ಳಿಯ ವಿದ್ಯಾರ್ಥಿಗೆ ನಿರ್ಜೀವವಾದ ಅಂಕವೇ ಸಜೀವನಾದ ಪರೀಕ್ಷಕನಿಗಿಂತ ಹೆಚ್ಚು ದಯಾಳು. ಇದಲ್ಲದೆ ಪದವಿಯಲ್ಲಿ ಭಾಷೆ, ಇತಿಹಾಸ, ಲಕ್ಷಣಗ್ರಂಥಗಳ ಪಾಠವೂ ಇರುವುದರಿಂದ ಓದುಬರಹಗಳಲ್ಲಿ ತೀರ ಹಿಂದುಳಿದವನು ನಡುವೆಯೇ ಬಿಟ್ಟುಹೋಗುವ ಸಂಭವವುಂಟು. ಪದವಿ ಪಡೆದವರಲ್ಲಿ ಹಲವರಿಗೆ ಜೀವನೋಪಾಯವಾಗುವುದು ವೇದಿಕೆಗಿಂತ ಪಾಠಶಾಲೆ. ಪಾಠಶಾಲೆಗೆ ಶಿಕ್ಷಾಕಾರನೇ ಬೇಕು.

ಈ ಆಕ್ಷೇಪಗಳಲ್ಲಿ ಮೊದಲನೆಯದು ಧ್ವನಿಪರೀಕ್ಷೆ ನಡೆಯುವ ರೀತಿಗೆ ತಗಲುವುದೇ ಹೊರತು ಅದರ ಅವಶ್ಯಕತೆಗೆ ತಗಲುವುದಿಲ್ಲ. ರೀತಿಯನ್ನು ತಿದ್ದುವ ಪ್ರಯತ್ನಗಳು ನಡೆದಿವೆ. 1952ರಿಂದ ಬಿ. ವಿ. ಕೇಸ್ಕರರು ಮಂತ್ರಿಗಳಾಗಿದ್ದ ಕಾಲದಲ್ಲಿ ಆಕಾಶವಾಣಿಯು ಧ್ವನಿಪರೀಕ್ಷಾ ಮಂಡಲಿಗಳನ್ನು ಬಲಪಡಿಸಿ, ಕಲಾವಿದರನ್ನು ಶ್ರೇಣಿಗಳಾಗಿ ವಿಂಗಡಿಸುವ ಪದ್ಧತಿಯನ್ನು ಜಾರಿಗೆ ತಂದಿತು; ಹಾಡುವವರ ಮುಖವನ್ನು ಕಾಣದೆ ಕೇಳಿ ತೀರ್ಪುಕೊಡುವುದು ಅದರ ಒಂದು ಅಂಗ. ಹೆಸರಾಂತ ಗಾಯಕರು ಅದನ್ನು ಅವಮಾನವೆಂದು ಪ್ರತಿಭಟಿಸಿದರು. ಪ್ರೌಢರಿಗೆ ಅವಮಾನವಾದ ತೆರೆಯು ಅಜ್ಞಾತರಿಗೆ ಆಶ್ರಯವಾಗಬಲ್ಲದು. ಅಮೆರಿಕದ ವಾದ್ಯವೃಂದಗಳು 1970ರ ದಶಕದಿಂದ ತೆರೆಯ ಹಿಂದೆ ವಾದಕರನ್ನು ಪರೀಕ್ಷಿಸತೊಡಗಿದುದರಿಂದ ಸ್ತ್ರೀಯರ ಆಯ್ಕೆಗೆ ಅನುಕೂಲವಾಯಿತೆಂದು ಕ್ಲಾಡಿಯಾ ಗೋಲ್ಡಿನ್ ಮತ್ತು ಸಿಸಿಲಿಯಾ ರೌಸ್ ಎಂಬ ಅರ್ಥಶಾಸ್ತ್ರಜ್ಞೆಯರು 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ ವಾದಿಸಿದರು. ಆ ಲೆಕ್ಕದ ಬಲಾಬಲಗಳನ್ನು ಕುರಿತು ಅನಂತರ ಚರ್ಚೆ ನಡೆದಿದೆ.

ಎರಡನೆಯ ಆಕ್ಷೇಪದಲ್ಲಿ ತಿರುಳಿದೆ. ಆದರೆ ಅದರಿಂದ ಸಿದ್ಧವಾಗುವುದು ಅಂಕಕ್ಕೆ ಒಂದು ಕನಿಷ್ಠ ಮಿತಿ ಬೇಕೆಂಬುದಷ್ಟೆ. ಗ್ರಂಥವನ್ನು ಓದಿ ಗ್ರಹಿಸುವಷ್ಟು ಶಕ್ತಿಯಿರುವುದು ಒಂದು ಮಾತು. ಶೇಕಡ 60ರವನಿಗಿಂತ ಶೇಕಡ 85ರವನು ಸಂಗೀತಕ್ಕೆ ಹೆಚ್ಚು ಯೋಗ್ಯನೆನ್ನುವುದು ಬೇರೊಂದು ಮಾತು. ಮೊದಲನೆಯದು ಹೊಸ್ತಿಲು, ಎರಡನೆಯದು ತಕ್ಕಡಿ. ಹೊಸ್ತಿಲನ್ನು ದಾಟಿದವರನ್ನು ಮತ್ತೆ ಅಂಕಗಳಿಂದಲೇ ತೂಗುವುದಕ್ಕೆ ಶಾಸ್ತ್ರದ ಬೆಂಬಲವೂ ಇಲ್ಲ, ಅನುಭವದ ಬೆಂಬಲವೂ ಇಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸೇರಿದ ಅನೇಕ ಸಂಗೀತಶಾಲೆಗಳಲ್ಲಿ ವಿಶ್ವವಿದ್ಯಾಲಯವು ಓದನ್ನೂ ಸಂಗೀತವಿಭಾಗವು ವಾದನವನ್ನೂ ಬೇರೆಬೇರೆಯಾಗಿ ಪರಿಶೀಲಿಸುವ ಕ್ರಮವಿದೆ. ಸಂಗೀತಕ್ಕೇ ಮೀಸಲಾದ ವಿದ್ಯಾಲಯಗಳಲ್ಲಿ ಧ್ವನಿಪರೀಕ್ಷೆಯೇ ಪ್ರಧಾನ. ಭಾರತದಲ್ಲಿಯೂ ದಿಲ್ಲಿ ವಿಶ್ವವಿದ್ಯಾಲಯವು ಸಂಗೀತದ ಪದವಿಗೆ ಸಾಮಾನ್ಯ ಪ್ರವೇಶಪರೀಕ್ಷೆಯ ಅಂಕಗಳೊಡನೆ ಪ್ರಾಯೋಗಿಕ ಪರೀಕ್ಷೆಯನ್ನೂ ಕೂಡಿಸುತ್ತ ಬಂದಿದೆ. ಎರಡನ್ನೂ ಕೂಡಿಸಿ ಒಂದೇ ಮೊತ್ತವನ್ನು ಮಾಡುವ ಕ್ರಮದಲ್ಲಿ, ಮಾತಿನ ಹೆಚ್ಚಳವು ಧಾತುವಿನ ಕೊರತೆಯನ್ನು ಮುಚ್ಚಿಬಿಡುವ ದೋಷವು ಉಳಿದೇ ಇರುತ್ತದೆ. ಶಾರ್ಙ್ಗದೇವನು ಅಧಮನೆಂದು ಕರೆದವನು ಮೊತ್ತದ ಲೆಕ್ಕದಲ್ಲಿ ಮಧ್ಯಮನನ್ನು ಹಿಂದೆ ಹಾಕಬಹುದು.

7

ಮೇಲಣ ವಿವೇಚನೆಯಿಂದ ನಿಷ್ಪನ್ನವಾಗುವ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ಅಂಕಪಟ್ಟಿಯು ತೇರ್ಗಡೆಯೆಂಬ ಹೊಸ್ತಿಲಾಗಿ ಮಾತ್ರ ಇರಲಿ. ಧ್ವನಿಪರೀಕ್ಷೆಯನ್ನು ಎರಡಾಗಿ ಒಡೆದು, ಕಲಿತುಬಂದುದಕ್ಕೆ ಒಂದು ಪಾಲನ್ನೂ ಕಲಿಯಬಲ್ಲ ಶಕ್ತಿಗೆ ಅದಕ್ಕಿಂತ ಹಿರಿದಾದ ಪಾಲನ್ನೂ ಕೊಡಬೇಕು. ಕಲಿಯಬಲ್ಲ ಶಕ್ತಿಯನ್ನು ಅಳೆಯುವುದು ಅಸಾಧ್ಯವಲ್ಲ. ಕೊಟ್ಟ ಶ್ರುತಿಯಲ್ಲಿ ನಿಲ್ಲಬಲ್ಲನೆ, ಹಿಂದೆ ಕೇಳದ ಒಂದು ಸ್ವರಗುಚ್ಛವನ್ನು ಎರಡು ಬಾರಿ ಕೇಳಿ ಹಿಂತಿರುಗಿಸಬಲ್ಲನೆ, ಲಯವನ್ನು ಕೈಯಲ್ಲಿ ಹಿಡಿದು ಬಾಯಲ್ಲಿ ಹಾಡಬಲ್ಲನೆ, ಅರ್ಧ ಗಂಟೆಯ ಹಿಂದೆ ಕಲಿಸಿದ ಸಾಲನ್ನು ನೆನಪಿನಲ್ಲಿ ಇರಿಸಿಕೊಂಡಿದ್ದಾನೆಯೆ ಎಂಬ ಪ್ರಶ್ನೆಗಳಿಗೆ ಗುರುವಿಲ್ಲದವನೂ ಉತ್ತರಿಸಬಲ್ಲನು. ಧಾರಣಶಕ್ತಿಯನ್ನೂ ತಾಳಜ್ಞಾನವನ್ನೂ ಗಾಯಕನ ಗುಣಗಳಲ್ಲಿ ಎಣಿಸಿದ ಶಾಸ್ತ್ರಕ್ಕೆ ಇದು ಒಪ್ಪಿತವೇ ಆಗಿದೆ. ಕಲಿತುಬಂದುದನ್ನು ಒಪ್ಪಿಸುವ ಭಾಗದಲ್ಲಿಯೂ ಕೃತಿ, ಖ್ಯಾಲುಗಳೊಡನೆ ತತ್ತ್ವಪದ, ಸೋಬಾನೆ, ರಂಗಗೀತೆ, ಬಂಜಾರರ ಹಾಡುಗಳಿಗೂ ಸ್ಥಳವಿರಬೇಕು. ಹಾಡಿನ ಜಾತಿಯನ್ನು ಬಿಟ್ಟು ಶ್ರುತಿ, ಲಯ, ಭಾವಗಳನ್ನು ಪರೀಕ್ಷಿಸಬೇಕು.

ಪಕ್ಷಪಾತದ ನಿವಾರಣೆಗಾಗಿ ಪರೀಕ್ಷಕರು ಒಬ್ಬರಿಗಿಂತ ಹೆಚ್ಚಾಗಿರುವುದೂ, ಹೆಸರಿಗೆ ಬದಲು ಸಂಖ್ಯೆಯನ್ನಿಟ್ಟು ತೆರೆಯ ಹಿಂದೆ ಹಾಡಿಸುವುದೂ, ಪ್ರತಿಯೊಂದು ಹಾಡನ್ನೂ ಧ್ವನಿಮುದ್ರಿಸಿ ತೀರ್ಪಿನ ಕಾರಣವನ್ನು ಬರೆದಿಡುವುದೂ ಅವಶ್ಯಕ. ಹೀಗಾದರೆ ಕಿವಿಯ ತೀರ್ಪನ್ನೂ ಅಂಕದಂತೆ ಪ್ರಶ್ನಿಸಬಹುದು. ಇವೆಲ್ಲವುಗಳಿಗಿಂತ ಸುಲಭವಾದ ಇನ್ನೊಂದು ಕಾರ್ಯವೆಂದರೆ ಪರೀಕ್ಷಕರೇ ಪ್ರಯಾಣಮಾಡುವುದು. ವಿದ್ಯಾರ್ಥಿಯೊಬ್ಬನು ಜಗಳೂರಿನಿಂದ ಮೈಸೂರಿಗೆ ಹೋಗಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತ ಗಂಟಲಿನಿಂದ ಬೆಳಗ್ಗೆ ಹಾಡುವುದಕ್ಕಿಂತ, ಮೂವರು ಪರೀಕ್ಷಕರು ದಾವಣಗೆರೆಗೆ ಬಂದು ನಾಲ್ಕು ತಾಲ್ಲೂಕುಗಳ ಮಕ್ಕಳನ್ನು ಕೇಳುವುದು ನ್ಯಾಯಕ್ಕೂ ಹತ್ತಿರ, ವೆಚ್ಚಕ್ಕೂ ಹಗುರ.

ಇದರಿಂದ ಪ್ರಥಮ ವರ್ಷದ ಅಧ್ಯಾಪಕರ ಹೊರೆ ಹೆಚ್ಚುವುದು ನಿಜ. ಸರಳೆ, ಜಂಟಿಗಳಿಂದ ತೊಡಗಬೇಕಾದವರೂ ವರ್ಣಗಳನ್ನು ಮುಗಿಸಿದವರೂ ಒಂದೇ ತರಗತಿಯಲ್ಲಿ ಕುಳಿತರೆ ಪಾಠವು ಸಾಗದು. ಪದವಿಗೆ ಮೊದಲು ಒಂದು ವರ್ಷದ ಸಿದ್ಧತಾತರಗತಿಯನ್ನು ಏರ್ಪಡಿಸಬೇಕಾಗುವುದು. ಅದಕ್ಕೆ ಹಣವೂ ಬೇಕು, ತಾಳ್ಮೆಯೂ ಬೇಕು. ಆದರೆ ಕಲಿತವರನ್ನೇ ಆರಿಸಿಕೊಂಡು ಕಲಿಸುವುದಕ್ಕೆ ವಿದ್ಯಾಲಯವೇ ಬೇಕಾಗಿಲ್ಲ. ಕಲಿಯಲು ಶಕ್ತಿಯುಳ್ಳವರು ಎಲ್ಲಿದ್ದರೂ ಅವರನ್ನು ಹುಡುಕಿ ಕಲಿಸುವುದರಿಂದಲೇ ಸಾರ್ವಜನಿಕ ಧನದಿಂದ ನಡೆಯುವ ಸಂಸ್ಥೆಗೆ ಸಾರ್ಥಕ್ಯ. ಗಂಗೂಬಾಯಿಯವರ ಹೆಸರನ್ನು ಹೊತ್ತ ವಿಶ್ವವಿದ್ಯಾಲಯವುಳ್ಳ ನಾಡಿನಲ್ಲಿ ಈ ಕರ್ತವ್ಯವನ್ನು ಹೊರಗಿನವರು ಬಂದು ನೆನಪಿಸಬೇಕಾದ ಕಾರಣವಿಲ್ಲ.